ಜಾಲಿ ಗಿಡಕ್ಕೆ ಬೇಲಿ ಹಾಕಿದ ವರ್ಷ

ಮೊನ್ನೆ ಸೊಸೆಯ ಒತ್ತಾಯಕ್ಕೆ ಬಾಗಲಕೋಟೆಗೆ ಪುಷ್ಪ ಪ್ರದರ್ಶನ ನೋಡಲು ಹೋಗಿದ್ದೆ. ಗುಲಾಬಿಯಲ್ಲಿ ಮಾಡಿದ ನವಿಲು, ಸೇವಂತಿಗೆಯಲ್ಲಿ ಮಾಡಿದ ರೈಲು, ಕುಂಬಳಕಾಯಿಯಲ್ಲಿ ಕೆತ್ತಿದ ಮಹಾಪುರುಷರ ಮುಖಗಳು. ಒಬ್ಬ ಮಹಾಪುರುಷನ ಗಲ್ಲ ಆಗಲೇ ಕೊಳೆತು ನೊಣ ಮುತ್ತಿತ್ತು. ಜನ ಸಾಲಾಗಿ ನಿಂತು ಅದನ್ನೂ ಮೆಚ್ಚುತ್ತಿದ್ದರು. ಹೂವು ಹೂವಾಗಿದ್ದರೆ ಸಾಲದು, ರೈಲಾದರೇ ನೋಡಲು ಲಾಯಕ್ಕು ಎನ್ನುವ ಈ ಬುದ್ಧಿಯನ್ನು ಇವರಿಗೆ ಯಾರು ಕೊಟ್ಟರೋ ಕಾಣೆ. ಮನೆಗೆ ಹೋಗೋಣ ನಡಿಯವ್ವ ಎಂದು ಸೊಸೆಗೆ ಹೇಳುವಷ್ಟರಲ್ಲಿ ಮಾದರಿ ತೋಟಗಳ ಸಾಲು ಬಂತು. ಅಲ್ಲೊಬ್ಬ ಮಾಲಿ ಪಾತಿಗೆ ನೀರು ಬಿಡುತ್ತಿದ್ದ. ಒಣಗಿದ ಕುರಿಹಿಕ್ಕೆಗೆ ನೀರು ಬಿದ್ದಾಗ ಏಳುತ್ತದಲ್ಲ, ಆ ಖಾರ ವಾಸನೆ ಮೂಗಿಗೆ ಬಡಿಯಿತು. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಕಾಲು ಕಿತ್ತಿಡಲಾಗದೆ ನಿಂತುಬಿಟ್ಟೆ. ಜಮಖಂಡಿಯ ಆ ಒಂದು ವರ್ಷ ನೆನಪಾಯಿತು. ಮಾಳಪ್ಪ ಮಾವ ನೆನಪಾದ.

ಸಂಸ್ಥಾನ ಹೋಗಿ ನಾವೆಲ್ಲ ಮುಂಬೈ ರಾಜ್ಯದ ಪ್ರಜೆಗಳಾಗಿ ಎರಡು ಮೂರು ವರ್ಷವಾಗಿತ್ತು. ರಾಜರ ಕಾಲದ ಕುರ್ಚಿಗಳ ಮೇಲೆ ಪುಣೆ, ಸಾತಾರೆ ಕಡೆಯ ಸಾಹೇಬರು ಬಂದು ಕೂತಿದ್ದರು. ರಾಜರನ್ನು ಹೊಗಳುವ ಮನುಷ್ಯ ನಾನಲ್ಲ. ಆದರೆ ಯಾವ ಓಣಿಯಲ್ಲಿ ಯಾರ ಕುರಿ ಎಷ್ಟಿವೆ ಎಂದು ಅವರಿಗೆ ಗೊತ್ತಿರುತ್ತಿತ್ತು. ಹೊಸಬರಿಗೆ ಕುರಿಗೂ ಆಡಿಗೂ ಫರಕು ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವುದು ಅವರ ಅಂತಸ್ತಿಗೆ ಕಡಿಮೆ.

ನಾನು ಅವರ ಕಚೇರಿಯಲ್ಲಿ ಹಂಗಾಮಿ ಕಾರಕೂನನಾಗಿದ್ದೆ. ನಮ್ಮ ಕುರುಬರ ಓಣಿಯಲ್ಲಿ ಮ್ಯಾಟ್ರಿಕ್ ದಾಟಿದವನು ನಾನೊಬ್ಬನೇ ಎಂಬ ಹಮ್ಮು ಮೂಗಿನ ತುದಿಯಲ್ಲಿರುತ್ತಿತ್ತು. ನನ್ನ ಅಕ್ಷರ ದುಂಡಗೆ, ಅಚ್ಚು ಹಾಕಿದ ಹಾಗೆ. ಕಚೇರಿಯ ಬೋರ್ಡುಗಳನ್ನೆಲ್ಲ ನನ್ನಿಂದಲೇ ಬರೆಸುತ್ತಿದ್ದರು.

ಈ ಅಕ್ಷರ ನನಗೆ ಕೊಡಿಸಿದವನು ಮಾಳಪ್ಪ ಮಾವ, ಅವ್ವನ ತಮ್ಮ. ಅಪ್ಪ ಸತ್ತಾಗ ನನಗೆ ಒಂಬತ್ತು ವರ್ಷ. ಕುರಿಯ ಹಿಂದೆ ಹೊರಟು ನಿಂತಿದ್ದೆ. ಮಾವ ಬಂದು ನನ್ನ ಕೈಯ ಬಡಿಗೆ ಕಸಿದುಕೊಂಡ. "ಕುರಿ ಕಾಯಾಕ ನಾ ಅದೇನಿ. ನೀ ಸಾಲಿಗಿ ಹೋಗಿ ಅಕ್ಷರ ಕಾಯಿ, ಅಳ್ಯಾ" ಅಂದ. ನಮ್ಮ ಕುರಿ, ಅವನ ಕುರಿ ಒಂದೇ ಹಿಂಡು ಮಾಡಿಕೊಂಡು ಹನ್ನೆರಡು ವರ್ಷ ಒಬ್ಬನೇ ಅಡ್ಡಾಡಿದ. ನಾನು ಬರೆದದ್ದು ಒಂದಕ್ಷರವೂ ಅವನಿಗೆ ಓದಲು ಬರುತ್ತಿರಲಿಲ್ಲ. ಆದರೂ ಊರಿಗೆ ಬಂದಾಗಲೆಲ್ಲ ನನ್ನ ಬಲಗೈ ಬೆರಳು ಹಿಡಿದು ಮಸಿಯ ಕಲೆ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದ. ಕಲೆ ಇದ್ದರೆ "ನಡದೈತಿ ಬಿಡು" ಅನ್ನುತ್ತಿದ್ದ.

ಆ ವರ್ಷ ಬೇಸಿಗೆಯಲ್ಲಿ ನಮ್ಮ ಸಾಹೇಬರಿಗೆ ಪುಷ್ಪ ಪ್ರದರ್ಶನದ ಹುಚ್ಚು ಹಿಡಿಯಿತು. ಪುಣೆಯಲ್ಲಿ ಎಂಥದೋ ಪ್ರದರ್ಶನ ನೋಡಿ ಬಂದಿದ್ದರಂತೆ. ಒಂದು ಕಮಿಟಿಯಾಯಿತು, ಸಾಹೇಬರೇ ಅದರ ಸೆಕ್ರೆಟರಿ. ಊರ ಹೊರಗೆ ಸಂಸ್ಥಾನದ ಕಾಲದ ಹಳೆಯ ತೋಟವೊಂದಿತ್ತು. ಅದರಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಗೆ ಒಂದೊಂದು ಜಾಗ ಕೊಡುವುದು, ಒಂದೊಂದು ಊರಿನವರು ಒಂದೊಂದು ಮಾದರಿ ತೋಟ ಮಾಡುವುದು, ಪುಣೆಯ ಪರೀಕ್ಷಕರು ಬಂದು ಬಹುಮಾನ ಕೊಡುವುದು ಎಂದು ಠರಾವಾಯಿತು. ಕುಡಿಯುವ ನೀರಿಗೆ ಹೆಂಗಸರು ಬಾವಿಕಟ್ಟೆಯಲ್ಲಿ ಸಾಲುಗಟ್ಟುತ್ತಿದ್ದ ಊರಿನಲ್ಲಿ ಹೂವಿನ ಕಮಿಟಿ ವಾರಕ್ಕೆರಡು ಸಲ ಸೇರಿ ಚಹಾ ಕುಡಿಯತೊಡಗಿತು.

ಆ ತೋಟದ ಹಿಂದೆ ಮೆಟ್ಟಿಲು ಕಟ್ಟಿದ ಒಂದು ಹೊಂಡವಿತ್ತು. ಬೇಸಿಗೆಯಲ್ಲಿ ಗುಡ್ಡದಿಂದ ಇಳಿದ ಕುರಿಗಳಿಗೆ ಅದೇ ನೀರು. ತೋಟದ ಪಡುವಣ ಬಾಗಿಲು ಇದ್ದದ್ದೇ ಅವುಗಳ ಸಲುವಾಗಿ. ಕಮಿಟಿಯವರು ಮಾಡಿದ ಮೊದಲ ಕೆಲಸವೆಂದರೆ ಆ ಬಾಗಿಲಿಗೆ ಕೀಲಿ ಹಾಕಿದ್ದು. ಹೊಂಡದಲ್ಲಿ ತಾವರೆ ಬೆಳೆಸುತ್ತಾರಂತೆ.

ತೋಟದ ಮಣ್ಣು ಸತ್ತು ಹೋಗಿತ್ತು, ಗೊಬ್ಬರ ಬೇಕಿತ್ತು. ನಮ್ಮ ಕಡೆ ಹೊಲಕ್ಕೆ ಕಸುವು ಬರಬೇಕಾದರೆ ಕುರಿ ತರುಬುತ್ತಾರೆ. ಹಿಂಡನ್ನು ತಂದು ಹೊಲದಲ್ಲೇ ವಸ್ತಿ ಮಾಡಿಸುವುದು, ಹಿಕ್ಕೆ ಮತ್ತು ಉಚ್ಚೆ ಮಣ್ಣಿಗೆ ಬೀಳುವುದು, ಅಷ್ಟೇ. ಇದನ್ನು ನಾನೇ ಸಾಹೇಬರಿಗೆ ಹೇಳಿದೆ, ಮಾವನನ್ನೂ ನಾನೇ ಕರೆಸಿದೆ. ಕುರಿ ತರುಬಿಸಿಕೊಂಡವರು ಕುರಿಗಾರನಿಗೆ ಕಾಳು ಕೊಟ್ಟು, ಊಟಕ್ಕೆ ಹಾಕುವುದು ರೂಢಿ. ಮಾವ ಅದೇನೂ ಬೇಡವೆಂದ. ಕಂಬಳಿ ಹೆಗಲಿಗೇರಿಸಿ ಸಾಹೇಬರ ಮುಂದೆ ನಿಂತು ಒಂದೇ ಮಾತು ಕೇಳಿದ.

"ನಿಮ್ಮ ಹೂವಿನ ಜಾತ್ರಿ ಮುಗದ ಮ್ಯಾಲ ಆ ಪಡವಣ ಬಾಗಲಾ ತಗದ ಬಿಡ್ರಿ ಸಾಹೇಬ್ರ. ದೊಡ್ಡ ಕುರಿ ಹ್ಯಾಂಗರ ಹೊಳಿಗಿ ಹೋಗಿ ಬರ್ತಾವ್ರಿ. ಮರಿ ನಡಿಯೂದಿಲ್ರಿ."

ಹೊಳೆ ಎಂದರೆ ಕೃಷ್ಣಾ, ಅಲ್ಲಿಂದ ಎರಡು ಹರದಾರಿ. ಬೇಸಿಗೆಯ ಬಿಸಿಲಲ್ಲಿ ಹೋಗಿ ಬರುವಷ್ಟರಲ್ಲಿ ಎಳೆಯ ಮರಿ ಉಳಿಯುವುದಿಲ್ಲ.

"ಅವಶ್ಯ, ಅವಶ್ಯ" ಎಂದರು ಸಾಹೇಬರು, ಫೈಲಿನಿಂದ ಕಣ್ಣೆತ್ತದೆ. "ಬೀರಪ್ಪಾ, ನಿಮ್ಮ ಮಾವಗ ಹೇಳು, ಪ್ರದರ್ಶನ ಮುಗದ ಕೂಡ್ಲೆ ಬಾಗಲಾ ತಗೀತೇವಿ."

ನಾನು ಹೇಳಿದೆ. ಮಾವ ನನ್ನ ಮಾತು ನಂಬಿದ. ಹನ್ನೊಂದು ದಿವಸ ಹಿಂಡು ಆ ತೋಟದಲ್ಲಿ ಬಿದ್ದುಕೊಂಡಿತು. ಹಗಲೆಲ್ಲ ಗುಡ್ಡದ ಜಾಲಿಗಿಡಗಳ ಕೆಳಗೆ ಉದುರಿದ ಕಾಯಿ ತಿಂದು, ಹೊತ್ತು ಮುಳುಗಿದ ಮೇಲೆ ತೋಟಕ್ಕೆ ಬಂದು ಹಿಕ್ಕೆ ಹಾಕಿದವು.

ದೀಪಾವಳಿಯಾದ ಮೇಲೆ ನೆಲ ಅಗೆದು ಪಾತಿ ಮಾಡಿದರು. ಆಗ ಸಾಹೇಬರು ಒಂದು ಪೊಟ್ಟಣ ತಂದರು. ವಿಲಾಯತಿ ಹೂವಿನ ಬೀಜವಂತೆ, ಇಡೀ ಮುಂಬೈ ರಾಜ್ಯದಲ್ಲಿ ಇನ್ನೊಬ್ಬರ ಹತ್ತಿರ ಇಲ್ಲವಂತೆ. ಹಡಗಿನಲ್ಲಿ ತಿಂಗಳಾನುಗಟ್ಟಲೆ ಬಂದು ಪೊಟ್ಟಣ ಮುಗ್ಗುಹಿಡಿದಿತ್ತು. ಮೇಲಿನ ಹೆಸರು ಅಳಿಸಿಹೋಗಿ ಕೊನೆಯ ಎರಡಕ್ಷರ ಮಾತ್ರ ಉಳಿದಿದ್ದವು. ಜಮಖಂಡಿ ತೋಟದ ನಟ್ಟನಡುವೆ ಒಂದು ದುಂಡನೆಯ ಪಾತಿ ಮಾಡಿಸಿ ಸಾಹೇಬರು ಸ್ವಂತ ಕೈಯಿಂದ ಅದನ್ನು ಬಿತ್ತಿದರು. ಬಿತ್ತುವಾಗ ಬೂಟು ಬಿಚ್ಚಲಿಲ್ಲ. ನಮ್ಮ ಮಾಲಿ ಹನಮಂತನಿಗೆ ಕಟ್ಟಪ್ಪಣೆ: "ಈ ಪಾತಿಯೊಳಗ ಬಂದ ಒಂದು ಎಲಿ ಕಿತ್ತರೂ ಕೈ ಕಡಿಸ್ತೇನಿ."

ಮುಗ್ಗಿದ ಬೀಜ ಮುಗ್ಗಿದ ಬೀಜವೇ. ಅದು ಹುಟ್ಟಲಿಲ್ಲ. ಹುಟ್ಟಿದ್ದು ಜಾಲಿ. ಕುರಿ ತಿಂದ ಜಾಲಿಕಾಯಿಯ ಬೀಜ ಹಿಕ್ಕೆಯ ಜೊತೆ ಬಿದ್ದರೆ ಎಷ್ಟು ತಿಂಗಳಾದರೂ ನೆಲ ಅಗೆದು ನೀರು ಬಿಟ್ಟ ಕೂಡಲೇ ಮೊಳೆಯುತ್ತದೆ, ಇದು ನಮ್ಮ ಓಣಿಯ ಮಕ್ಕಳಿಗೂ ಗೊತ್ತು. ಉಳಿದ ಪಾತಿಗಳಲ್ಲಿ ಹನಮಂತ ಅದನ್ನು ಕಳೆಯೆಂದು ಕಿತ್ತು ಒಗೆದ. ದುಂಡು ಪಾತಿಗೆ ಮಾತ್ರ ಕೈ ಹಚ್ಚಲಿಲ್ಲ. ಸಾಹೇಬರು ದಿನಾ ಮುಂಜಾನೆ ಬಂದು, ಕೋಲು ಊರಿಕೊಂಡು ಬಗ್ಗಿ, ಆ ಎಳೆಯ ಎಲೆಗಳನ್ನು ನೋಡಿ ಹಿಗ್ಗುತ್ತಿದ್ದರು. ಚಳಿಗೆ ಬಾಡೀತೆಂದು ಅದಕ್ಕೆ ಗೋಣಿತಟ್ಟಿನ ಮರೆ ಕಟ್ಟಿಸಿದರು. ಊರಿನವರು ಯಾವ ಗಿಡದ ಕೊಂಬೆ ಕಡಿದು ಹೊಲಕ್ಕೆ ಬೇಲಿ ಹಾಕುತ್ತಾರೋ, ಯಾವುದರ ಮುಳ್ಳು ಅಂಗಾಲಿಗೆ ನೆಟ್ಟು ವಾರಗಟ್ಟಲೆ ಕುಂಟುತ್ತಾರೋ, ಅದೇ ಗಿಡಕ್ಕೆ ಪುಣೆಯಿಂದ ಬಂದ ಸಾಹೇಬ ಕೊಡೆ ಹಿಡಿದು ನಿಂತಿದ್ದ. ನಾನು ಕಚೇರಿಯ ಹಿಂದೆ ಹೋಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಪ್ರದರ್ಶನಕ್ಕೆ ಎಂಟು ದಿನವಿದ್ದಾಗ ಮಾವ ಬಂದ. ಬಾಗಿಲು ಯಾವತ್ತು ತೆಗೆಯುತ್ತಾರೆ ಎಂದು ಕೇಳಿ ಹೋಗಲು ಬಂದವನು. ದುಂಡು ಪಾತಿಯ ಹತ್ತಿರ ನಿಂತು ಹುಬ್ಬು ಗಂಟಿಕ್ಕಿದ.

"ಅಳ್ಯಾ, ಈ ಜಾಲಿ ಯಾಕ ಬೆಳಸಾಕತ್ತೀರಿ?"

"ಸುಮ್ಕಿರು ಮಾವಾ. ಅದು ವಿಲಾಯತಿ ಗಿಡಾ."

"ಏನ ವಿಲಾಯತಿನೋ? ನನ್ನ ಕುರಿ ಹಾಕಿದ್ದದು."

"ನಿನಗ ಗೊತ್ತು, ನನಗ ಗೊತ್ತು. ಅವರಿಗಿ ಗೊತ್ತಿಲ್ಲ. ಈಗ ಹೇಳಿದ್ರ ನನ್ನ ನೌಕರಿ ಹೋಗತೈತಿ. ಪ್ರದರ್ಶನ ಛಲೋ ಆದ್ರ ಕಾಯಂ ಮಾಡ್ತಾರಂತ."

ಮಾವ ಕಂಬಳಿ ಹೆಗಲಿಗೇರಿಸಿದ. "ಹಂಗಿದ್ರ ಬ್ಯಾಡ ಬಿಡು. ಹೇಳಬ್ಯಾಡ. ಬಾಗಲದ್ದಷ್ಟ ಮರೀಬ್ಯಾಡ" ಅಂದು ಹೋದ.

ಪ್ರದರ್ಶನ ನಡೆದದ್ದು ಸಂಕ್ರಾಂತಿಯಾದ ಮೇಲೆ. ಬೆಳಗಿನ ಚಳಿ, ಹೊಲಗಳಲ್ಲಿ ಬಿಳಿಜೋಳ ಹಾಲುಗಾಳಾಗಿ, ಹಸಿ ತೆನೆ ಸುಟ್ಟು ಸೀತನಿ ಮಾಡುವ ಕಾಲ. ಬಂದ ಅಧಿಕಾರಿಗಳಲ್ಲಿ ಅರ್ಧ ಜನ ಹೂವು ನೋಡಲಿಲ್ಲ, ಯಾರದೋ ಹೊಲದಲ್ಲಿ ಕೂತು ಸೀತನಿ ಮುಕ್ಕಿದರು. ಇಡೀ ಪ್ರದರ್ಶನದಲ್ಲಿ ಬುದ್ಧಿವಂತರು ಅವರೇ ಎಂದು ಈಗ ಅನಿಸುತ್ತದೆ.

ಪುಣೆಯ ಪರೀಕ್ಷಕಿ ಒಬ್ಬ ಬಾಯಿಸಾಹೇಬರು. ಕೈಯಲ್ಲಿ ಛತ್ರಿ, ಕೊರಳಲ್ಲಿ ಸರಪಳಿಗೆ ಕಟ್ಟಿದ ಕನ್ನಡಕ. ನಾನು ವಹಿ ಹಿಡಿದುಕೊಂಡು ಅವರ ಹಿಂದೆ. ಮೊದಲು ಮುಧೋಳದ ತೋಟ. ಮುಧೋಳದವರು ಒಂದು ಗಿಡವನ್ನೂ ಬೆಳೆಸಿರಲಿಲ್ಲ. ಎಲ್ಲಿಂದಲೋ ಕುಂಡಗಳನ್ನು ಎರವಲು ತಂದು ಕಂಠದ ತನಕ ಮಣ್ಣಲ್ಲಿ ಹೂತು, ಅಲ್ಲೇ ಹುಟ್ಟಿದ ಹಾಗೆ ಮೇಲೆ ಹುಲ್ಲು ಹರಡಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ನಡೆಯುತ್ತಿತ್ತು. ತಮ್ಮ ಊರಿನ ಹೆಸರಾದ ಬೇಟೆನಾಯಿಯನ್ನು ಶೋಭೆಗೆಂದು ನಡುವೆ ಕಟ್ಟಿದ್ದರು. ಅದು ಬೇಸತ್ತು ಮುಂಜಾನೆಯಿಂದ ನೆಲ ಕೆದರಿ ಏಳೆಂಟು ಕುಂಡಗಳನ್ನು ಹೊರಗೆ ಹಾಕಿತ್ತು. ಬಾಯಿಸಾಹೇಬರು ಬಂದಾಗ ಊರಿನ ಹಿರಿಯರೊಬ್ಬರು ಧೋತರ ಹರಡಿಕೊಂಡು ಒಂದು ಕುಂಡದ ಮೇಲೇ ಕೂತುಬಿಟ್ಟರು.

ಬೀಳಗಿಯವರು ಕಲ್ಲು ಪೇರಿಸಿ ಗುಡ್ಡ ಮಾಡಿ, ಅದರಿಂದ ಝರಿ ಇಳಿಸಿದ್ದರು. ಗುಡ್ಡದ ಹಿಂದೆ ಒಬ್ಬ ಕೂತು ಕೊಡದಿಂದ ನೀರು ಸುರಿಯಬೇಕು, ಮುಂದೆ ಝರಿ ಹರಿಯಬೇಕು. ನಾವು ಹೋದಾಗ ಝರಿ ಒಣಗಿತ್ತು. "ಏ, ಬೀಡಿ ಒಗದು ಗಂಗವ್ವನ್ನ ಬಿಡೋ ಲೇ!" ಎಂದು ಬೀಳಗಿಯ ಮುಖ್ಯಸ್ಥರು ಕೂಗಿದ ಮೇಲೆ ಗಂಗೆ ಇಳಿದಳು, ಒಂದೇ ಸಲಕ್ಕೆ ಬಾಯಿಸಾಹೇಬರ ಚಪ್ಪಲಿಯ ಮೇಲೆ.

ರಬಕವಿ-ಬನಹಟ್ಟಿಯ ನೇಕಾರರ ತೋಟವೊಂದೇ ನನಗೆ ಹೀಯಾಳಿಸಲು ಆಗದ್ದು. ಅವರು ಚೆಂಡುಹೂ, ಸೇವಂತಿಗೆ, ಕನಕಾಂಬರಗಳನ್ನೇ ಬೆಳೆಸಿದ್ದರು, ಆದರೆ ಸೀರೆ ನೇಯ್ದ ಹಾಗೆ. ಎರಡು ಬದಿಗೆ ಕೆಂಪು ದಡಿ, ನಡುವೆ ಹಳದಿ ಮೈ, ತುದಿಗೆ ತುಂಬು ಸೆರಗು. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ. ಬಣ್ಣದ ಲೆಕ್ಕ ಅವರ ಕೈಯಲ್ಲೇ ಇರುತ್ತದೆ. ಬಾಯಿಸಾಹೇಬರು ಕನ್ನಡಕ ಏರಿಸಿ, ಇಳಿಸಿ, ಇವು ದೇವರಿಗೆ ಏರಿಸುವ ಬಜಾರಿನ ಹೂಗಳು, ಬಣ್ಣ ತೀರ ಢಾಳ ಎಂದು ಮರಾಠಿಯಲ್ಲಿ ಹೇಳಿ ಮುಂದೆ ನಡೆದರು. ನಾನು ವಹಿಯಲ್ಲಿ ಅದನ್ನೇ ದುಂಡಗೆ ಬರೆದೆ.

ಕೊನೆಗೆ ನಮ್ಮ ಜಮಖಂಡಿಯ ತೋಟ, ದುಂಡು ಪಾತಿ. ಗಿಡಗಳು ಆಗ ಗೇಣುದ್ದ ಇದ್ದವು. ಎಳೆಯ ಜಾಲಿಯ ಎಲೆ ನೋಡಲು ಚಂದವೇ, ಸಣ್ಣಗೆ, ಹಕ್ಕಿಯ ಗರಿಯ ಹಾಗೆ. ಬಾಯಿಸಾಹೇಬರು ಬಗ್ಗಿದರು. "ಕಿತೀ ನಾಜೂಕ! ಕಿತೀ ನಾಜೂಕ!" ಎಷ್ಟು ನಾಜೂಕು ಎಂದು ಮರಾಠಿಯಲ್ಲಿ ಹೊಗಳುತ್ತ ಬೆರಳು ಹಚ್ಚಿದರು. ಎಳೆಯ ಮುಳ್ಳು ಚುಚ್ಚಿತು. ಬೆರಳು ಬಾಯಲ್ಲಿಟ್ಟುಕೊಂಡು, ಬಹುಶಃ ಗುಲಾಬಿಯ ದೂರದ ಸಂಬಂಧ ಇರಬೇಕು ಎಂದರು. ಇದರ ಹೆಸರೇನು ಎಂದು ಕೇಳಿದರು.

ಸಾಹೇಬರಿಗೆ ಹೆಸರು ಗೊತ್ತಿರಲಿಲ್ಲ. ಪೊಟ್ಟಣದ ಅಕ್ಷರ ಅಳಿಸಿದೆ ಎಂದು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. ನನ್ನ ಕಡೆ ತಿರುಗಿದರು. "ಹೆಸರಿನ ಪಟ್ಟಿ ಬರದಾಂವ ನಮ್ಮ ಬೀರಪ್ಪ. ಹೇಳಪಾ ಬೀರಪ್ಪಾ."

ಆ ಕ್ಷಣ ನನಗೆ ಚೆನ್ನಾಗಿ ನೆನಪಿದೆ. ಬೇಲಿಯಾಚೆ ನಿಂತ ಜನರಲ್ಲಿ ಮಾವನೂ ಇದ್ದ, ಕಂಬಳಿ ಹೊದ್ದು. ಹದಿನೈದು ದಿನದಿಂದ ಗಿಡಗಳ ಇಂಗ್ಲಿಷ್ ಹೆಸರಿನ ಚೀಟಿ ಬರೆದು ಬರೆದು ಆ ಹೆಸರುಗಳ ಬಾಲ ನನಗೆ ಬಾಯಿಪಾಠವಾಗಿತ್ತು. ಈ ಮೂರ್ಖರಿಗೆ ಇಷ್ಟು ಸಾಕು ಅನ್ನಿಸಿತು. ಗಂಟಲು ಸರಿಮಾಡಿಕೊಂಡು, "ಜ್ಯಾಲಿಯಾ ಗ್ರ್ಯಾಂಡಿಫ್ಲೋರಾ" ಅಂದೆ.

ಬಾಯಿಸಾಹೇಬರು ತಲೆ ತೂಗಿದರು. ಹೌದು ಹೌದು, ತಾವು ಇದನ್ನು ಪುಸ್ತಕದಲ್ಲಿ ಓದಿದ್ದುಂಟು, ಕಣ್ಣಾರೆ ನೋಡಿದ್ದು ಇದೇ ಮೊದಲು ಎಂದರು! ಮೊದಲನೆಯ ಬಹುಮಾನ ಜಮಖಂಡಿಗೆ ಬಂತು. ಸಾಹೇಬರು ಹಾರ ಹಾಕಿಸಿಕೊಂಡರು. ಹನಮಂತ ನನ್ನ ಕಿವಿಯಲ್ಲಿ, "ಬೀರಪ್ಪಣ್ಣ, ಇನ್ನ ನಾಲ್ಕ ವರ್ಷಕ್ಕ ಇದರ ಕೊಂಬಿ ಕಡದು ಇವರ ಬಂಗಲಿಗಿ ಬೇಲಿ ಹಚ್ಚೂಣು" ಅಂದ. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಅಷ್ಟು ಖುಷಿಯಾಗಿ ನಾನು ಅದಕ್ಕೆ ಮುಂಚೆಯೂ ನಕ್ಕಿಲ್ಲ, ಆಮೇಲೂ ನಕ್ಕಿಲ್ಲ.

ಹದಿನೈದು ದಿನಕ್ಕೆ ನನಗೆ ಕಾಯಂ ಆದೇಶ ಬಂತು. ಅದರ ಬೆನ್ನಿಗೇ ಇನ್ನೊಂದು ಆದೇಶ. ಅಪರೂಪದ ಸಸ್ಯವಾದ ಜ್ಯಾಲಿಯಾ ಗ್ರ್ಯಾಂಡಿಫ್ಲೋರಾದ ರಕ್ಷಣೆಗಾಗಿ ತೋಟಕ್ಕೂ ಹೊಂಡಕ್ಕೂ ಸೇರಿಸಿ ತಂತಿಬೇಲಿ ಹಾಕತಕ್ಕದ್ದು. ಪಡುವಣ ಬಾಗಿಲನ್ನು ಕಲ್ಲಿನಿಂದ ಕಟ್ಟಿ ಮುಚ್ಚತಕ್ಕದ್ದು. ಜಾನುವಾರುಗಳ ಪ್ರವೇಶ ಕಾಯಮ್ಮಾಗಿ ಬಂದ್.

ಓದಿದವನೇ ಸಾಹೇಬರ ಮುಂದೆ ಹೋಗಿ ನಿಂತೆ. "ಸಾಹೇಬ್ರ, ಆ ಬಾಗಲಾ... ನಮ್ಮ ಮಾವಗ ಮಾತ ಕೊಟ್ಟಿದ್ರಿ" ಅಂದೆ.

"ಆವಾಗ ಗಿಡಾ ಇದ್ದಿಲ್ಲಪಾ. ಈಗ ಗಿಡಾ ಐತಿ. ಕುರಿ ಒಳಗ ಬಿಟ್ರ ಒಂದ ದಿನದಾಗ ಮೇಯ್ದ ಬಿಡ್ತಾವ. ನೀನ ಹೇಳಿದಿ, ಎಂಥಾ ಗಿಡಾ ಅಂತ."

ಅದು ಜಾಲಿರೀ ಎಂದು ಎರಡು ಶಬ್ದ ಹೇಳಿದ್ದರೆ ಸಾಕಿತ್ತು. ಸಾಹೇಬರ ಹಾರ, ಬಾಯಿಸಾಹೇಬರ ಪುಸ್ತಕ, ನನ್ನ ಕಾಯಂ ಆದೇಶ, ಎಲ್ಲ ಅಲ್ಲೇ ಮುಗಿಯುತ್ತಿತ್ತು. ಬಾಗಿಲು ಉಳಿಯುತ್ತಿತ್ತು. ನಾನು ಹೇಳಲಿಲ್ಲ. ಆಗ ನನಗೆ ನಾನೇ ನೂರು ಸಬೂಬು ಕೊಟ್ಟುಕೊಂಡೆ, ಅವೊಂದನ್ನೂ ಇಲ್ಲಿ ಬರೆಯುವ ಮನಸ್ಸಿಲ್ಲ. ಅಂಜಿದೆ, ಅಷ್ಟೇ. ಮರುದಿನ ಕಬ್ಬಿಣದ ಹಲಗೆಗೆ ಬಿಳಿ ಬಣ್ಣ ಹೊಡೆದು, ಕರಿ ಬಣ್ಣದಲ್ಲಿ ಬೋರ್ಡು ಬರೆದದ್ದೂ ನಾನೇ.

ಮಾವ ಬಂದದ್ದು ಯುಗಾದಿಗೆ ಮುಂಚೆ. ಬಿಸಿಲು ಏರಿತ್ತು. ನಾನು ಬೋರ್ಡಿನ ಮಾಸಿದ ಅಕ್ಷರಗಳ ಮೇಲೆ ಮತ್ತೆ ಕರಿ ಬಣ್ಣ ತೀಡುತ್ತಿದ್ದೆ. ದೂರದಿಂದಲೇ ಕುರಿಗಳ ಸದ್ದು ಕೇಳಿತು. ಮೊದಲಿನ ದಾರಿಯಲ್ಲೇ ಬಂದ ಹಿಂಡು ಕಲ್ಲಿನ ಗೋಡೆಗೆ ಮುಖ ಹಚ್ಚಿ ನಿಂತಿತು. ಹೊಂಡದ ನೀರಿನ ವಾಸನೆ ಅವಕ್ಕೆ ಬಡಿದಿತ್ತು, ಎಲ್ಲವೂ ಒಟ್ಟಿಗೆ ಒದರತೊಡಗಿದವು. ಮಾವನ ಕಂಬಳಿಯ ಜೋಳಿಗೆಯಲ್ಲಿ ಎರಡು ಮರಿ ಕತ್ತು ಹೊರಗೆ ಹಾಕಿದ್ದವು. ಅವು ಒದರುತ್ತಿರಲಿಲ್ಲ.

ಮಾವ ಗೋಡೆ ನೋಡಿದ, ತಂತಿ ನೋಡಿದ, ತಂತಿಯೊಳಗೆ ಮೊಳಕಾಲುದ್ದ ಬೆಳೆದ ಜಾಲಿ ನೋಡಿದ.

"ಜಾಲಿಗಿ ಬೇಲಿ ಹಾಕ್ಯಾರಲ್ಲೋ, ಅಳ್ಯಾ" ಅಂದ. ನಗುತ್ತಾನೆ ಅಂದುಕೊಂಡೆ. ನಗಲಿಲ್ಲ.

"ಇವರು ಶುದ್ಧ ದಡ್ಡರ ಮಾವಾ. ಏನೂ ಗೊತ್ತಿಲ್ಲ ಇವರಿಗಿ. ಕತ್ತಿಗೋಳು" ಎಂದು ಬಡಬಡಿಸಿದೆ.

"ಅವರಿಗಿ ಗೊತ್ತಿಲ್ಲ, ಖರೆ. ನಿನಗ ಗೊತ್ತಿತ್ತಲ್ಲೋ."

ಮಾವ ಬೋರ್ಡಿನ ಹತ್ತಿರ ಬಂದ. "ಇದು ನೀ ಬರದಿದ್ದನ? ಏನ ಬರದಿ, ಓದು."

"ಕುರಿ, ಆಡು, ದನಗಳಿಗೆ ಪ್ರವೇಶವಿಲ್ಲ" ಎಂದು ಓದಿದೆ.

"ಕುರಿ ಅಂತ ಎಲ್ಲೆ ಬರದಿ? ತೋರಸು."

ತೋರಿಸಿದೆ. ಮಾವ ಆ ಎರಡು ಅಕ್ಷರದ ಮೇಲೆ ತನ್ನ ಒಡಕು ಬೆರಳಿಟ್ಟು, ಒಂದು ಸಲ ನಿಧಾನವಾಗಿ ಎಳೆದ. ಬಣ್ಣ ಇನ್ನೂ ಹಸಿಯಿತ್ತು, ಅವನ ಬೆರಳಿಗೂ ಹತ್ತಿತು. ಹಾಗೇ ನನ್ನ ಬಲಗೈ ಹಿಡಿದು, ಎಂದಿನಂತೆ ಬೆರಳು ತಿರುಗಿಸಿ ನೋಡಿದ. ಅಲ್ಲಿಯೂ ಅದೇ ಕರಿ ಬಣ್ಣ.

"ಇದಕ್ಕ ಕಳಿಸಿದ್ನೇನೋ ನಿನ್ನ ಸಾಲಿಗಿ?" ಅಂದ.

ಕೈ ಬಿಟ್ಟು, ಹಿಂಡನ್ನು ತಿರುಗಿಸಿಕೊಂಡು ಹೊಳೆಯ ದಾರಿ ಹಿಡಿದ. ಆ ಬೇಸಿಗೆಯಲ್ಲಿ ಮರಿಗಳು ಬಹಳ ಸತ್ತವು ಎಂದು ಅವ್ವ ಹೇಳಿದಳು. ಮಾವ ಹಿಂಡನ್ನು ರಬಕವಿಯ ಹೊಳೆದಂಡೆಗೆ ಒಯ್ದು ಅಲ್ಲೇ ನೆಲೆ ನಿಂತ. ಆಮೇಲೆ ಮದುವೆ, ಸಾವು ಎಂದು ಎಷ್ಟೋ ಸಲ ಸೇರಿದೆವು. ಮಾತಾಡಿದ, ಉಂಡ, ನನ್ನ ಮಕ್ಕಳನ್ನು ಎತ್ತಿಕೊಂಡ. ನನ್ನ ಬೆರಳನ್ನು ಮಾತ್ರ ಮತ್ತೆ ಹಿಡಿದು ನೋಡಲಿಲ್ಲ.

ಅವತ್ತು ಹಿಂಡಿನ ಧೂಳು ಇಳಿಯುವ ತನಕ ನಾನು ಆ ಬೋರ್ಡಿನ ಮುಂದೆ ನಿಂತಿದ್ದೆ. ಕುರಿ ಎಂಬಲ್ಲಿ ಬಣ್ಣ ಕದಡಿ ಮಾವನ ಬೆರಳಿನ ಗೆರೆ ಮೂಡಿತ್ತು. ಸಾಹೇಬರು ಸಂಜೆ ತಪಾಸಣೆಗೆ ಬರುವವರಿದ್ದರು. ಬ್ರಷ್ ಅದ್ದಿಕೊಂಡು ಆ ಎರಡಕ್ಷರವನ್ನು ಮತ್ತೊಮ್ಮೆ ತಿದ್ದಿ ಬರೆದೆ. ಎಂದಿನಂತೆ ದುಂಡಗೇ ಬಂದವು.